ಉಗುರು ಎಣಿಸುವ ಕಾಕಾ

ಮೃಗಶಿರಾ ಮಳೆ ಬಿದ್ದ ಮರುದಿನ ಹುಬ್ಬಳ್ಳಿಯ ಯಾವುದಾದರೂ ಹಿತ್ತಲಿಗೆ ಆಮೆ ಬಂದೇ ಬರುತ್ತದೆ. ಈ ವಾರವೂ ಬಂತು. ಆಮೆಯ ಬಗ್ಗೆ ತಕರಾರಿಲ್ಲ. ತಕರಾರೇನಿದ್ದರೂ ಅದರ ಬೆನ್ನ ಹಿಂದೆಯೇ ಬರುವ ಕಾಕಾನ ಬಗ್ಗೆ.

ಓಣಿಗೊಬ್ಬ ಇಂಥ ಕಾಕಾ ಇದ್ದೇ ಇರುತ್ತಾರೆ. ಮದುವೆಗೆ ಕರೆದರೆ ಅಕ್ಷತೆ ಮುಗಿದ ಮೇಲೆ ಬರುವವರು, ಆಮೆ ಅಂದರೆ ಚಹಾದ ಕಪ್ಪು ಕೈಯಲ್ಲೇ ಹಿಡಿದು ಓಡಿ ಬರುತ್ತಾರೆ. "ಏ, ಅಂಗಾತ ಹಾಕ್ರೋ ಅದನ್ನ! ಇಪ್ಪತ್ತು ಉಗುರಿದ್ರ ಲಕ್ಷ್ಮಿ ಮನೀಗೆ ಬಂದಾಂಗ!" ಕನ್ನಡಕ ಹಣೆಗೇರುತ್ತದೆ. ಪಾಸ್‌ಬುಕ್ ತಿರುವುವವರ ಹಾಗೆ ಬೆರಳಿಗೆ ಉಗುಳು ಹಚ್ಚಿ ಎಣಿಕೆ ಶುರು. ಮುಂಗಾಲಿಗೆ ಮೂರು, ಇನ್ನೊಂದಕ್ಕೂ ಮೂರು. ಹಿಂಗಾಲು ಕಾಣುವುದೇ ಇಲ್ಲ! ನಮ್ಮ ಕೆರೆ, ಹೊಂಡಗಳ ಮೆದುಚಿಪ್ಪಿನ ಆಮೆಗೆ ಹೊಟ್ಟೆಯ ಹಿಂಭಾಗದಲ್ಲಿ ಎರಡು ಮುಚ್ಚಳಗಳಿವೆ. ಕಾಲು ಒಳಗೆಳೆದು ಮುಚ್ಚಿಕೊಂಡಿತೆಂದರೆ ಮುಗಿಯಿತು. ಅಮೆರಿಕದ ಪೆಟ್ಟಿಗೆ ಆಮೆಯ ಹೊಟ್ಟೆಚಿಪ್ಪಿಗೆ ಕೀಲೇ ಇದೆ, ಅದು ಪೂರ್ತಿ ಬಾಗಿಲು ಹಾಕುತ್ತದೆ. ನಮ್ಮದು ಹಿಂಬಾಗಿಲಿಗೆ ಪರದೆ ಬಿಡುತ್ತದೆ. ಕಾಕಾ ಪರದೆ ಎತ್ತಲು ಕಡ್ಡಿ ಹುಡುಕುತ್ತಿರುವಾಗ ಮುಂಬಾಗಿಲಿಂದ ಉದ್ದನೆಯ ಕುತ್ತಿಗೆ ಸರಕ್ಕನೆ ಹೊರಬಂದು ಹೆಬ್ಬೆರಳು ಹಿಡಿಯುತ್ತದೆ.

ಅರಿಷಿಣ ಹಚ್ಚಿಕೊಂಡು ಮತ್ತೆ ಮೊದಲಿನಿಂದ. "ಹನ್ನೆರಡರ ಮ್ಯಾಲ ಹೋಗವಲ್ದು." ಹೋಗುವುದೂ ಇಲ್ಲ. ಕಾಲಿಗೆ 3ರಂತೆ ಈ ಜಾತಿಗೆ 12. ನಕ್ಷತ್ರ ಆಮೆ ತಂದರೂ ಮುಂದಿನ ಕಾಲಿಗೆ 5, ಹಿಂದಿನದಕ್ಕೆ 4, ಒಟ್ಟು 18. ಲಕ್ಷ್ಮಿಗೆ ಅಲ್ಲೂ ಎರಡು ಉಗುರು ಬಾಕಿ.

ಆಮೇಲೆ ಉಪಚಾರ. ನಳ ವಾರಕ್ಕೊಮ್ಮೆ ಬರುವ ಓಣಿಯಲ್ಲಿ ಆಮೆಗೆ ಟಬ್ ತುಂಬ ನೀರು! ಅದರಲ್ಲಿ ಬ್ರೆಡ್ಡು, ರೊಟ್ಟಿ ಚೂರು, ಒಂದು ಲೋಟ ನಂದಿನಿ ಹಾಲು. ಬಸವನಹುಳು, ಕಪ್ಪೆಮರಿ, ಮೀನು ತಿನ್ನುವ ಪ್ರಾಣಿ ಇದನ್ನೆಲ್ಲ ಮೂಸಿಯೂ ನೋಡುವುದಿಲ್ಲ. ಎರಡು ದಿನಕ್ಕೆ ಬಚ್ಚಲು ಗಬ್ಬು.

ಇನ್ನು ಪುಣ್ಯ ಕಟ್ಟಿಕೊಳ್ಳುವವರು. ಎಲ್ಲೋ ಸಿಕ್ಕ ನಕ್ಷತ್ರ ಆಮೆಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ, ಕೈಮುಗಿದು ಉಣಕಲ್ ಕೆರೆಗೆ ಬಿಡುತ್ತಾರೆ. ಅದು ನೆಲದ ಆಮೆ ಮಾರಾಯ್ರೇ, ಈಜು ಬರುವುದಿಲ್ಲ! ಬಿಡುವ ಮುಂಚೆ ಕಾಲು ನೋಡಿ. ಆನೆಕಾಲಿನ ಹಾಗೆ ಗುಂಡಗಿದ್ದರೆ ನೆಲದ್ದು, ಬೆರಳ ನಡುವೆ ಪೊರೆಯಿದ್ದರೆ ನೀರಿನದು.

ಹಿತ್ತಲಿಗೆ ಬಂದದ್ದಕ್ಕೆ ಇಷ್ಟು ಮಾಡಿದರೆ ಸಾಕು: ಚಿಪ್ಪಿನ ಹಿಂಭಾಗ ಎರಡೂ ಕೈಯಿಂದ ಹಿಡಿದು, ನೆಲದಿಂದ ಗೇಣೆತ್ತರದಲ್ಲೇ ಎತ್ತಿ, ಅದು ಹೊರಟಿದ್ದ ದಿಕ್ಕಿಗೇ ಗಟಾರ ದಾಟಿಸಿ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಸಾಕುತ್ತೇನೆ ಅಂದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಮೆದುಚಿಪ್ಪಿನದು, ನಕ್ಷತ್ರ ಆಮೆ ಎರಡೂ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪಟ್ಟಿಯಲ್ಲಿವೆ. 3ರಿಂದ 7 ವರ್ಷ ಜೈಲು. ಉಗುರು ಎಣಿಸಲು ಅಲ್ಲಿ ಬೇಕಾದಷ್ಟು ಪುರಸೊತ್ತು.

ಬೇಸಿಗೆಯೆಲ್ಲ ಕೆಸರೊಳಗೆ ಹೂತುಕೊಂಡಿದ್ದು, ಮಳೆ ವಾಸನೆಗೆ ಎದ್ದು, ಪಾಪ, ಹೊಂಡ ಹುಡುಕಿಕೊಂಡು ಬಂದಿರುತ್ತದೆ. ಹೊಂಡದ ಜಾಗದಲ್ಲಿ ಈಗ ಕಾಕಾನ ಎರಡಂತಸ್ತಿನ ಮನೆ. ಬಾಗಿಲ ಪಕ್ಕ ತಟ್ಟೆ ನೀರಿನಲ್ಲಿ ವಾಸ್ತುವಿನ ಹಿತ್ತಾಳೆ ಆಮೆ. ಅದಕ್ಕೆ ಸರಿಯಾಗಿ ಇಪ್ಪತ್ತು ಉಗುರಿವೆಯಂತೆ, ಕಾಕಾ ಅಂಗಡಿಯಲ್ಲೇ ಎಣಿಸಿ ತಂದಿದ್ದಾರೆ.