ಸ್ಪಷ್ಟನೆ: ಬಿಪಿ ಮಾತ್ರೆಯಿಂದ ಬುದ್ಧಿ ಮಂಕಾಗುತ್ತದೆಯೇ?

ತಿಪಟೂರು ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಬೊಜ್ಜು, ಹಾರ್ಟ್ ಕಾಯಿಲೆ ಇರುವವರ ಬುದ್ಧಿ ಮಂಕು. ಬಿಪಿ ಮಾತ್ರೆಯೇ ಕಾರಣ." ಮೊದಲ ಮಾತು ಅರ್ಧ ಸತ್ಯ. ಎರಡನೆಯದು ಅಪಾಯದ್ದು.

ಚೆಲ್ಲಾಪಿಲ್ಲಿ ಬರೆದ ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ಜೋಡಿಸುವಂಥ ಪರೀಕ್ಷೆಗಳಿವೆ. ಗಮನ, ವೇಗ ಅಳೆಯುವ ಇವುಗಳಲ್ಲಿ ಬೊಜ್ಜು, ಹಾರ್ಟ್ ಕಾಯಿಲೆ ಇರುವವರ ಸರಾಸರಿ ತುಸು ಕಡಿಮೆ ಬರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಸರಾಸರಿ ಅಂದರೆ ಗುಂಪಿನ ಮಾತು. ಸ್ಟೆಂಟ್ ಹಾಕಿಸಿಕೊಂಡೂ ಕೊಬ್ಬರಿ ಲೆಕ್ಕವನ್ನು ಬಾಯಲ್ಲೇ ಮಾಡುವವರು ನಮ್ಮ ಮಂಡಿಯಲ್ಲೇ ಇದ್ದಾರೆ, ಅಲ್ವಾ?

ಮಿದುಳು ದೇಹದ ತೂಕದ ಶೇ 2ರಷ್ಟು. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ಅದಕ್ಕೆ ಸುಮಾರು ಶೇ 20 ಬೇಕು! ಬಿಪಿ, ಸಕ್ಕರೆ ಕಾಯಿಲೆ ಸಣ್ಣ ರಕ್ತನಾಳಗಳನ್ನು ಕೆಡಿಸಿದರೆ ಪೆಟ್ಟು ಅಲ್ಲಿಗೂ ಬೀಳುತ್ತದೆ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುವವರಿಗೆ ಹಗಲೆಲ್ಲಾ ಮಂಪರು. ಅದಕ್ಕೆ ಚಿಕಿತ್ಸೆ ಇದೆ.

ಮಾತ್ರೆ ವಿಷಯ ಉಲ್ಟಾ. 2019ರಲ್ಲಿ ಪ್ರಕಟವಾದ ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ಮೇಲಿನ ಬಿಪಿ 120ಕ್ಕಿಂತ ಕೆಳಗಿಳಿಸಲು ಔಷಧಿ ಪಡೆದವರಲ್ಲಿ ಆರಂಭದ ಹಂತದ ಮರೆವಿನ ತೊಂದರೆ, 140ರ ಗುರಿಯವರಿಗಿಂತ ಕಡಿಮೆ ಕಂಡಿತು. ಸುಮ್ನೆ ಮೆಸೇಜ್ ನಂಬಿ ಮಾತ್ರೆ ಬಿಡಬೇಡಿ. ಇದ್ದಕ್ಕಿದ್ದಂತೆ ಗೊಂದಲವಾಗಿ ಮಾತು ತೊದಲಿದರೆ 108ಕ್ಕೆ ಕರೆ ಮಾಡಿ.