ಅಪ್ಪನ ಕಾಲಿನ ಕಾಗದಕ್ಕೆ ಇನ್ನೂ ಎಷ್ಟು ಸಲ ಅಲೀಬೇಕು

ಇವತ್ತು ಏಳನೇ ಸಲ. ಬೆಳಗ್ಗೆ ಐದೂವರೆ ಬಸ್ಸಿಗೆ ಶಿರಾದಿಂದ ಹೊರಟು ಬೆಂಗಳೂರಲ್ಲಿ ಎರಡು ಸಿಟಿ ಬಸ್ ಬದಲಾಯಿಸಿ ಆ ಆಸ್ಪತ್ರೆ ನೆಲಮಾಳಿಗೆಲಿರೋ ಎಂಆರ್‌ಡಿ, ಅಂದ್ರೆ ರೋಗಿಗಳ ದಾಖಲೆ ಇಡೋ ವಿಭಾಗದ ಕೌಂಟರ್ ಮುಂದೆ ನಿಂತ್ರೆ, "ಏನಮ್ಮ ಮತ್ತೆ ಬಂದ್ರಾ, ಫೈಲ್ ಬಿಲ್ಲಿಂಗಲ್ಲಿದೆ, ಮುಂದಿನ ವಾರ ಬನ್ನಿ" ಅಂದ್ರು. ಹೋದ ಸಲ ಫೈಲ್ ಡಾಕ್ಟರ್ ಹತ್ರ ಇತ್ತಂತೆ. ಅದಕ್ಕೂ ಹಿಂದಿನ ಸಲ "ಪೇಷೆಂಟೇ ಬರಬೇಕು, ನಿಮಗೆ ಕೊಡಕ್ಕಾಗಲ್ಲ" ಅಂದಿದ್ರು. ಪೇಷೆಂಟ್ ಅಂದ್ರೆ ನಮ್ಮಪ್ಪ. ತೊಡೆ ಮೂಳೆಗೆ ರಾಡ್ ಹಾಕಿಸ್ಕೊಂಡು ವಾಕರ್ ಹಿಡ್ಕೊಂಡು ಬಚ್ಚಲುಮನೆಗೆ ಹೋಗೋಕೇ ಒದ್ದಾಡ್ತಿರೋ ಮನುಷ್ಯನ್ನ ನೂರಿಪ್ಪತ್ತು ಕಿಲೋಮೀಟರ್ ಕರ್ಕೊಂಡು ಬರಬೇಕಂತೆ, ಕೇಸ್ ಶೀಟ್ ಅಂದ್ರೆ ಚಿಕಿತ್ಸೆ ದಾಖಲೆಯ ಒಂದು ಜೆರಾಕ್ಸ್‌ಗೋಸ್ಕರ.

ನಾನು ಗಾರ್ಮೆಂಟ್ಸ್‌ಗೆ ಹೋಗೋಳು. ಒಂದು ದಿನ ರಜ ಹಾಕಿದ್ರೆ ಆ ದಿನದ ಸಂಬಳನೂ ಹೋಯ್ತು, ಅಟೆಂಡೆನ್ಸ್ ಬೋನಸ್ಸೂ ಹೋಯ್ತು. ಏಳು ದಿನ ಹಂಗೇ ಹೋಗಿದೆ.

ಯುಗಾದಿ ಆದ್ಮೇಲೆ ಅಪ್ಪ ಕೆಲಸ ಮುಗಿಸ್ಕೊಂಡು ಎಕ್ಸ್‌ಎಲ್ ಮೊಪೆಡ್‌ನಲ್ಲಿ ಮನೆಗೆ ಬರ್ತಿದ್ದಾಗ ಹಿಂದಿನಿಂದ ಕಾರ್ ಗುದ್ದಿದ್ದು. ಮೊದಲು ಸರ್ಕಾರಿ ಆಸ್ಪತ್ರೆಗೆ ಹಾಕಿದ್ವಿ, ಅಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ಕೇಸ್ ಅಂತ ದಾಖಲೆ) ಮಾಡಿ ಬೆಂಗಳೂರಿಗೆ ಬರೆದ್ರು. ಬೆಂಗಳೂರಲ್ಲಿ ಹನ್ನೊಂದು ದಿನ. ಅಮ್ಮನ ಎರಡೆಳೆ ಸರ ಬ್ಯಾಂಕಲ್ಲಿಟ್ವಿ, ಸಂಘದಲ್ಲಿ ಸಾಲ ತಗೊಂಡ್ವಿ, ಪೂರ್ತಿ ಬಿಲ್ ಕಟ್ಟಿದ ಮೇಲೇನೇ ಅವ್ರು ಡಿಸ್ಚಾರ್ಜ್ ಮಾಡಿದ್ದು. ಒಂದು ರೂಪಾಯಿ ಬಾಕಿ ಇಲ್ಲ. ಮತ್ತೆ ಫೈಲ್ ಬಿಲ್ಲಿಂಗಲ್ಲಿ ಏನ್ ಮಾಡ್ತಿದೆ?

ಈಗ ಪರಿಹಾರಕ್ಕೆ ಕೋರ್ಟಲ್ಲಿ ಆಕ್ಸಿಡೆಂಟ್ ಕ್ಲೇಮ್ ಹಾಕ್ಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ, ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು ಅಂತ ಅದರಲ್ಲಿದೆ. ಆ ಗಡುವಿನ ಮೇಲೆ ಸುಪ್ರೀಂ ಕೋರ್ಟಲ್ಲೇ ವಾದ ನಡೀತಿದೆಯಂತೆ, ಆದ್ರೂ ನಮ್ಮಂಥೋರು ಯಾಕಮ್ಮ ಅದನ್ನ ನಂಬ್ಕೊಂಡು ಕೂರೋದು ಅಂತ ವಕೀಲರು ಹೇಳಿದ್ರು. ಐದು ತಿಂಗಳು ಆಗೋಗಿದೆ. ಅರ್ಜಿ ಈಗಲೇ ಹಾಕ್ತೀವಿ, ಕೇಸ್ ಶೀಟ್ ಆಮೇಲೆ ಹಾಜರುಪಡಿಸಬಹುದು, ಅದಲ್ಲ ತೊಂದರೆ. ತೊಂದರೆ ಏನಂದ್ರೆ ಅಪ್ಪಂಗೆ ಮುರಿದಿದ್ದು ಬಲಗಾಲು, ಡಿಸ್ಚಾರ್ಜ್ ಸಮರಿಲಿ ಟೈಪ್ ಮಾಡಿರೋದು ಲೆಫ್ಟ್ ಫೀಮರ್ ಅಂತ. ಎಡಗಾಲು! ಸರ್ಕಾರಿ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟಲ್ಲಿ ಬಲಗಾಲು ಅಂತಿದೆ. ಎಕ್ಸ್‌ರೇ ಫಿಲ್ಮ್ ಬೆಳಕಿಗೆ ಹಿಡಿದ್ರೆ ಮೂಲೇಲಿ ಆರ್ ಅಂತ ಅಕ್ಷರ ಬೆಳ್ಳಗೆ ಕಾಣುತ್ತೆ, ಅದರ ಪಕ್ಕದಲ್ಲೇ ರಾಡು, ಸ್ಕ್ರೂ ಎಲ್ಲ ಕಾಣುತ್ತೆ. ಆ ಫಿಲ್ಮ್ ತಗೊಂಡೋಗಿ ಕೌಂಟರಲ್ಲಿ ತೋರಿಸಿದೆ, ಅಪ್ಪನ ಕಾಲಿನ ಹೊಲಿಗೆ ಗುರುತಿನ ಫೋಟೋನೂ ತೋರಿಸಿದೆ. ಆ ಹುಡುಗ ಫಿಲ್ಮ್ ಕಡೆ ತಿರುಗೂ ನೋಡ್ಲಿಲ್ಲ, "ಡಾಕ್ಟರ್ ಸೈನ್ ಮಾಡಿದ ಮೇಲೆ ಚೇಂಜ್ ಮಾಡಕ್ಕಾಗಲ್ಲ" ಅಂದ. ಡಾಕ್ಟರ್ ಹತ್ರ ಹೋದ್ರೆ "ಅದು ಎಂಆರ್‌ಡಿ ಕೆಲಸ" ಅಂದ್ರು. ಟೈಪ್ ಮಾಡಿದೋರು ಯಾರೋ ತಪ್ಪು ಮಾಡಿದ್ರು, ಆಯ್ತು, ಮನುಷ್ಯರೇ, ಅದನ್ನ ಸರಿ ಮಾಡಿ ಒಂದು ಸೀಲ್ ಒತ್ತೋಕೆ ಐದು ನಿಮಿಷ ಸಾಕಲ್ವಾ? ಇದನ್ನ ಹಿಂಗೇ ಕೋರ್ಟಿಗೆ ತಗೊಂಡೋದ್ರೆ ಕಾರಿನ ಇನ್ಶೂರೆನ್ಸ್ ಕಂಪನಿ ವಕೀಲ ಮೊದಲನೇ ಪ್ರಶ್ನೆ ಇದನ್ನೇ ಕೇಳ್ತಾನೆ.

ಅಪ್ಪ ಗಾರೆ ಕೆಲಸದೋರು. ಸಾರ್ವೆ ಹತ್ತಬೇಕು, ನೆಲಕ್ಕೆ ಟೈಲ್ಸ್ ಹಾಕೋವಾಗ ದಿನಗಟ್ಟಲೆ ಕುಕ್ಕರಗಾಲಲ್ಲಿ ಕೂರಬೇಕು. ಈಗ ಮಂಡಿ ಪೂರ್ತಿ ಮಡಿಸೋಕೇ ಆಗಲ್ಲ. ಕಾಲಿಗೆ ಎಷ್ಟು ಪರ್ಸೆಂಟ್ ಅಂಗವೈಕಲ್ಯ ಅಂತ ಡಾಕ್ಟರ್ ಬರೀತಾರೋ ಅದನ್ನ ಇಡೀ ದೇಹದ ಲೆಕ್ಕಕ್ಕೆ ಹಾಕುವಾಗ ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕೆ ಇಳಿಸ್ತಾರಂತೆ. ಆದ್ರೆ ಬರೀ ಆ ಪರ್ಸೆಂಟ್ ನೋಡ್ಬಾರದು, ಆ ಮನುಷ್ಯ ಮಾಡೋ ಕೆಲಸಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಅಂತ ನೋಡ್ಬೇಕು ಅಂತ 2010ರಲ್ಲೇ ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನ ಹೇಳೋಕೂ ಆಪರೇಷನ್ ನೋಟ್ಸ್ ಬೇಕು, ಫಿಸಿಯೋಥೆರಪಿ ಶೀಟ್ ಬೇಕು. ಎಲ್ಲಾ ಇರೋದು ಆ ನೆಲಮಾಳಿಗೆಲಿ.

ನಂಗೆ ಹೊಟ್ಟೆ ಉರಿದಿದ್ದು ಇದ್ಯಾವುದಕ್ಕೂ ಅಲ್ಲ. ಹೋದ ತಿಂಗಳು ಇನ್ಶೂರೆನ್ಸ್ ಕಡೆಯಿಂದ ತನಿಖೆಗೆ ಅಂತ ಒಬ್ರು ಮನೆಗೆ ಬಂದಿದ್ರು. ಜಗಲಿ ಮೇಲೆ ಕೂತು ಬ್ಯಾಗಿಂದ ಒಂದು ಕಟ್ಟು ಪೇಪರ್ ತೆಗೆದ್ರು. ನೋಡಿದ್ರೆ ಅಪ್ಪನ ಕೇಸ್ ಶೀಟ್! ಅದೇ ಆಸ್ಪತ್ರೆ, ಅದೇ ಎಂಆರ್‌ಡಿ ನೀಲಿ ಸೀಲು, ಪುಟ ಪುಟಕ್ಕೂ. ಒಂದು ಕಡೆ ಅಪ್ಪಂಗೆ ಶುಗರ್ ಇದೆ ಅಂತ ಬರೆದಿರೋ ಸಾಲಿನ ಕೆಳಗೆ ಕೆಂಪು ಪೆನ್ನಲ್ಲಿ ಗೆರೆ ಎಳ್ಕೊಂಡಿದ್ರು. "ಶುಗರ್ ಎಷ್ಟು ವರ್ಷದಿಂದ ಇದೆ ಯಜಮಾನ್ರೇ, ಅವತ್ತು ಕುಡಿದಿದ್ರಾ" ಅಂತ ಅಪ್ಪನ್ನ ಕೇಳಿದ್ರು. ಅಪ್ಪ ಜೀವಮಾನದಲ್ಲಿ ಕುಡಿದೋರಲ್ಲ, ತಲೆ ತಗ್ಗಿಸ್ಕೊಂಡು ಇಲ್ಲ ಸ್ವಾಮಿ ಅಂದ್ರು. ನಾಳೆ ಮೂಳೆ ಸರಿಯಾಗಿ ಕೂಡದೆ ಇರೋದು ಶುಗರ್‌ನಿಂದ, ಆಕ್ಸಿಡೆಂಟ್‌ನಿಂದ ಅಲ್ಲ ಅಂತ ವಾದ ಮಾಡೋಕೆ ಆ ಕೆಂಪು ಗೆರೆ.

ಇದು ನಿಮಗೆ ಹೆಂಗೆ ಸಿಕ್ತು ಸಾರ್ ಅಂದೆ. ಅಪ್ಪ ವಾರ್ಡಲ್ಲಿದ್ದಾಗಲೇ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿದ್ದಾರೆ ಅಂದ್ರು. ಆಪರೇಷನ್ ಆದ ಎರಡನೇ ದಿನ ಯಾರೋ ಬಂದು "ಆಸ್ಪತ್ರೆ ಫಾರ್ಮು" ಅಂತ ಸೈನ್ ಮಾಡಿಸ್ಕೊಂಡು ಹೋಗಿದ್ದು ಅಪ್ಪಂಗೆ ಮಂಪರಲ್ಲಿ ಅರ್ಧಂಬರ್ಧ ನೆನಪಿದೆ. ಅವ್ರಿಗೆ ಕೊಡೋಕೆ ಮಂಪರಲ್ಲಿ ಹಾಕಿದ ಒಂದು ಸೈನ್ ಸಾಕು, ಹೆತ್ತ ಮಗಳು ಅಪ್ಪನ ಕೈಲಿ ಬರೆಸಿದ ಪತ್ರ, ಆಧಾರ್ ಜೆರಾಕ್ಸ್ ತಗೊಂಡೋದ್ರೆ ಸಾಲಲ್ಲ. ದುಡ್ಡು ಕಟ್ಟಿದ್ದು ನಾವು, ನೋವು ತಿಂದಿದ್ದು ಅಪ್ಪ, ಅವ್ರ ಮೈ ಬಗ್ಗೆ ಬರೆದಿರೋ ಪ್ರತಿಯೊಂದು ಸಾಲೂ ನಮ್ಮ ವಿರುದ್ಧ ಕೇಸ್ ನಡೆಸೋರ ಬ್ಯಾಗಲ್ಲಿದೆ, ನಮ್ಮ ಕೈಲಿ ತಪ್ಪು ಕಾಲು ಬರೆದಿರೋ ಎರಡು ಹಾಳೆ ಇದೆ.

ಆವತ್ತಿಂದ ನಾನೂ ಓದ್ಕೊಂಡೆ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮಾವಳಿಲಿ ಸ್ಪಷ್ಟವಾಗಿದೆ, ರೋಗಿ ಅಥವಾ ರೋಗಿ ಕಡೆಯಿಂದ ಅಧಿಕಾರ ಪಡೆದೋರು ದಾಖಲೆ ಕೇಳಿದ್ರೆ 72 ಗಂಟೆ ಒಳಗೆ ಕೊಡಬೇಕು, ಕೇಳಿದ್ದಕ್ಕೆ ಸ್ವೀಕೃತಿನೂ ಕೊಡಬೇಕು. ಪೇಷೆಂಟೇ ಬರಬೇಕು ಅಂತ ಎಲ್ಲೂ ಇಲ್ಲ. ಆರು ಸಲ ಬಾಯಲ್ಲಿ ಕೇಳ್ಕೊಂಡು ಹೋಗಿ ನಾನೂ ದಡ್ಡತನ ಮಾಡಿದೆ, ಯಾರೂ ಹೇಳಲಿಲ್ಲ.

ಇವತ್ತು ಅರ್ಜಿ ಬರ್ಕೊಂಡೇ ಹೋಗಿದ್ದೆ, ಎರಡು ಪ್ರತಿ. ತಗೊಳಲ್ಲ ಅಂದ್ರು. ತಗೊಳಲ್ಲ ಅಂತಾನೇ ಇದರ ಮೇಲೆ ಬರೆದು ಸೈನ್ ಮಾಡ್ಕೊಡಿ ಅಂತ ಅಲ್ಲೇ ಬೆಂಚ್ ಮೇಲೆ ಕೂತೆ. ಹಿಂದೆ ನಿಂತಿದ್ದ ಮೂರು ನಾಲ್ಕು ಜನ ನಮಗೂ ಒಂದು ಪೇಪರ್ ಬರ್ಕೊಡಮ್ಮ ಅಂದ್ರು, ಬರ್ಕೊಟ್ಟೆ. ಕೊನೆಗೆ ಮೇಲಿಂದ ಒಬ್ಬ ಮೇಡಮ್ ಬಂದು ನನ್ನ ಪ್ರತಿ ಮೇಲೆ ಅದೇ ನೀಲಿ ಸೀಲ್ ಒತ್ತಿ ಟೈಮ್ ಬರೆದ್ರು. ಸೋಮವಾರ, 12 ಗಂಟೆ 40 ನಿಮಿಷ. ಗುರುವಾರ 12 ಗಂಟೆ 40 ನಿಮಿಷಕ್ಕೆ ನಾನು ಆ ಕೌಂಟರ್ ಮುಂದೆ ಇರ್ತೀನಿ.