ಎಫ್‌ಕ್ಯೂ-ಕೋಡೆಲ್ ಹಾಕಿದರೆ ಎಲ್ಲರಿಗೂ ಸಮಪಾಲು? ಹಾಗಲ್ಲ

ನಮ್ಮ ಬಿಟಿಎಂ ಲೇಔಟ್ ಪಿಜಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ರೌಟರಿನಲ್ಲಿ ಎಫ್‌ಕ್ಯೂ-ಕೋಡೆಲ್ ಆನ್ ಮಾಡಿ, ನೆಟ್ ಎಲ್ಲರಿಗೂ ಸಮ ಬರುತ್ತೆ." ಇಲ್ಲ. ಎಫ್‌ಕ್ಯೂ-ಕೋಡೆಲ್ ಅಂದರೆ ರೌಟರಿನಲ್ಲಿ ಕಾಯುವ ಡೇಟಾದ ಸಾಲನ್ನು ನಿಭಾಯಿಸುವ ಒಂದು ವಿಧಾನ; ಅದು ಆಳು ಎಣಿಸಲ್ಲ, ಕನೆಕ್ಷನ್ ಎಣಿಸುತ್ತದೆ. ಪಕ್ಕದ ರೂಮಿನವನು ಟೊರೆಂಟ್ ಹಾಕಿ 30 ಕನೆಕ್ಷನ್ ತೆರೆದಿದ್ದಾನೆ, ನೀವು ಒಂದೇ ಫೈಲ್ ಇಳಿಸುತ್ತಿದ್ದೀರಿ ಅಂದರೆ ಅವನಿಗೆ ಸುಮಾರು 30 ಪಾಲು, ನಿಮಗೆ ಒಂದು. ದರ್ಶಿನಿ ಕೌಂಟರಿನಲ್ಲಿ ಒಬ್ಬನೇ 30 ಟೋಕನ್ ಹಿಡಿದು ನಿಂತ ಹಾಗೆ, ಅಲ್ವಾ? ವಿಡಿಯೋ ಕಾಲ್ ತಡವರಿಸುವುದು ಕಡಿಮೆಯಾಗುತ್ತೆ, ಅದು ನಿಜ. ಪಾಲಿನ ಜಗಳ ಮಾತ್ರ ಹಾಗೇ.

ಆಳಿಗೊಂದು ಪಾಲು ಬೇಕಿದ್ದರೆ 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ 'ಕೇಕ್' (ಇದೂ ಸಾಲು ನಿಭಾಯಿಸುವ ವಿಧಾನವೇ) ಹಾಕಿ. ಅದರ ಸೆಟ್ಟಿಂಗಿನಲ್ಲಿ ಡೌನ್‌ಲೋಡಿಗೆ ಡ್ಯುಯಲ್-ಡಿಎಸ್‌ಟಿಹೋಸ್ಟ್ (dual-dsthost), ಅಪ್‌ಲೋಡಿಗೆ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್ (dual-srchost) ಅಂತ ಕೊಡಿ. ಜೊತೆಗೆ 'ನ್ಯಾಟ್' (nat) ಅಂತ ಬರೆಯೋದು ಮರೆಯಬೇಡಿ; ರೌಟರ್ ಎಲ್ಲರನ್ನೂ ಒಂದೇ ಐಪಿ, ಅಂದರೆ ಒಂದೇ ನೆಟ್ ವಿಳಾಸದಿಂದ ಹೊರಗೆ ಕಳಿಸುತ್ತದೆ, ಹಾಗಾಗಿ ಆ ಪದ ಇಲ್ಲದಿದ್ದರೆ ಕೇಕಿನ ಕಣ್ಣಿಗೆ ಇಡೀ ಪಿಜಿ ಒಂದೇ ಐಪಿ (ನಾನೇ ಒಂದು ಸಂಜೆಯಿಡೀ ಇದಕ್ಕೆ ತಲೆ ಕೆರೆದುಕೊಂಡೆ). ವೇಗ ಲೈನಿಗಿಂತ ಸ್ವಲ್ಪ ಕಮ್ಮಿ ಕೊಡಿ, 100 ಎಂಬಿಪಿಎಸ್ ಇದ್ದರೆ 90 ಅಂತಿರಲಿ; ಪೂರ್ತಿ ಕೊಟ್ಟರೆ ಸಾಲು ನಿಮ್ಮ ರೌಟರಿನಲ್ಲಿ ನಿಲ್ಲದೆ ಹೊರಗೆಲ್ಲೋ ನಿಲ್ಲುತ್ತದೆ, ಆಗ ಕೇಕ್ ಇದ್ದೂ ಸುಮ್ನೆ. ಇನ್ನೊಂದು, ಇಲ್ಲಿ ಆಳು ಅಂದರೆ ಐಪಿ, ಅದು ಒಂದೊಂದು ಸಾಧನಕ್ಕೂ ಬೇರೆ. ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಇಳಿಸುವವನಿಗೆ ಎರಡು ಪಾಲು.